ಆತು, ಬರ್ತೆ

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಮೊಬೈಲು ಒಮ್ಮೆ ಗುಂಯ್ ಎಂದಿತು. ಸೆರಗಿಗೆ ಕೈ ಒರೆಸಿಕೊಂಡು ನೋಡಿದರೆ ಹೊನ್ನಾವರದಿಂದ ತಮ್ಮ ದಾಮೋದರ. ಅವನ ಮೊಣಕಾಲಿನ ಆಪರೇಶನ್ ಆಗಿ ನಾಲ್ಕು ತಿಂಗಳಾಯಿತು. ಅಂದಿನಿಂದ ಅವನು ದಿನ ಬಿಟ್ಟು ದಿನ ‘ಹೆಂಗಿದ್ದೆ ಅಕ್ಕಾ’ ಎಂದು ಬರೆಯುತ್ತಾನೆ. ನಾನು ಭಟ್ಕಳದಿಂದ ‘ನಂಗೆ ಎಂತ ಆಗಿಲ್ಲ, ನೀನು ಹುಷಾರು’ ಎಂದು ಬರೆದು, ಕೊನೆಗೆ ‘ಆತು, ಬರ್ತೆ’ ಎಂದು ಸೇರಿಸಿ ಫೋನು ಕೆಳಗಿಡುತ್ತೇನೆ. ನಿನ್ನೆಯೂ ಹಾಗೆಯೇ ಮುಗಿಸಿದ್ದೆ. ಇವತ್ತು ಅದಕ್ಕೆ ಅವನು ಕಳಿಸಿದ ಉತ್ತರ ಎರಡೇ ಶಬ್ದ: ‘ಯಾವ ಬರ್ತೆ?’

ಸೊಸೆ ನನ್ನ ಹೆಗಲ ಮೇಲಿಂದ ಇಣುಕಿ ಓದಿದಳು. “ಎಂತ ಅತ್ತೆ ಇದು, ದಾಮು ಮಾವ ಅರ್ಧ ಬರೆದು ಬಿಟ್ರಾ?” ಎಂದಳು. ನಾನು ದೋಸೆಯನ್ನು ಸೀಯಲು ಬಿಟ್ಟು ನಗತೊಡಗಿದೆ. ನಗು ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರಿತ್ತು. ಹೊಗೆ ಎಂದು ಅವಳಿಗೆ ಹೇಳಿದೆ. ನಿಮಗೆ ಮಾತ್ರ ಸುಳ್ಳು ಹೇಳುವುದಿಲ್ಲ. ಆ ಎರಡು ಶಬ್ದ ಅರ್ಥವಾಗಬೇಕಾದರೆ ನೀವು ನನ್ನ ಜೊತೆ ಹೊನ್ನಾವರ ಬಂದರಿನ ಒಂದು ಕೋಣೆಗೆ ಬರಬೇಕು. ಕೂರಲು ಇರುವುದು ಒಂದೇ ಬೆಂಚು, ಅದರ ಒಂದು ಕಾಲು ಅಲುಗಾಡುತ್ತದೆ, ಈಗಲೇ ಹೇಳಿರುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ಮೀನುಗಾರರ ಸಂಘದವರು ನಾಲ್ಕು ಬೋಟುಗಳಿಗೆ ಪರೀಕ್ಷೆಗೆಂದು ವಾಯರ್‌ಲೆಸ್ ಸೆಟ್ಟು ಕೂರಿಸಿದ್ದರು. ದಡದ ಸೆಟ್ಟು ಇದ್ದದ್ದು ಐಸ್ ಕಾರ್ಖಾನೆಯ ಪಕ್ಕದ ಕೋಣೆಯಲ್ಲಿ. ಯಾವ ಬೋಟು ಎಷ್ಟು ಹೊತ್ತಿಗೆ ಕರೆಯಿತು, ಏನು ಹೇಳಿತು ಎಂಬುದನ್ನು ಉದ್ದ ಪುಸ್ತಕವೊಂದರಲ್ಲಿ ಬರೆದಿಡುವ ಕೆಲಸ ನನ್ನದು. ಟೈಪಿಂಗ್ ಕಲಿತು ಮನೆಯಲ್ಲಿ ಕೂತಿದ್ದ ನನಗೆ ಆ ಕೆಲಸ ಸಿಕ್ಕಿದ್ದು ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ. ಆದರೆ ಮೊದಲ ದಿನ ಮನೆಗೆ ಬಂದವಳು ಇಡೀ ಅರಬ್ಬೀ ಸಮುದ್ರವನ್ನು ನಾನೇ ನಡೆಸುತ್ತೇನೆ ಎಂಬಂತೆ ನಡೆದಾಡಿದೆನಂತೆ. ಅಮ್ಮ ಸಾರು ಬಡಿಸಲೇ ಎಂದು ಕೇಳಿದರೆ ‘ರೋಜರ್’ ಎಂದೆನಂತೆ. ಅಮ್ಮ ಮೀನಿನ ಬುಟ್ಟಿ ಹೊತ್ತು ಇಡೀ ಹೊನ್ನಾವರ ಪೇಟೆಯನ್ನು ಎದುರಿಸಿದ ಹೆಂಗಸು. ಸೌಟು ಎತ್ತಿ ಹಿಡಿದು, “ಕನ್ನಡದಲ್ಲಿ ಹೇಳ್ತ್ಯಾ, ಇಲ್ಲಾ ಉಪಾಸ ಮಲಗ್ತ್ಯಾ?” ಎಂದು ಕೇಳಿದಳು.

ಅಮ್ಮನ ಈ ಪ್ರಶ್ನೆ ಎಷ್ಟು ದೊಡ್ಡದು ಎಂದು ಗೊತ್ತಿದ್ದವರು ಸೆಟ್ಟಿನ ಕೋಣೆಯಲ್ಲಿ ಒಬ್ಬರೇ. ವಾಮನ ಮಾಸ್ತರು. ಅವರು ಶಾಲೆಯ ಮಾಸ್ತರರಲ್ಲ. ಬೊಂಬಾಯಿಯ ಸರಕು ಹಡಗುಗಳಲ್ಲಿ ಇಪ್ಪತ್ತು ವರ್ಷ ರೇಡಿಯೋ ಆಪರೇಟರ್ ಆಗಿದ್ದು, ಕಿವಿಗೆ ಯಂತ್ರ ಕಟ್ಟಿ ಕಟ್ಟಿ ಎಡಗಿವಿ ಹೋದ ಮೇಲೆ ಕುಮಟಾಕ್ಕೆ ಮರಳಿದವರು. ಸಂಘದವರು ಅವರನ್ನು ಹುಡುಕಿ ಕರೆತಂದು ಸೆಟ್ಟಿನ ಮುಂದೆ ಕೂರಿಸಿದ್ದರು. ದಿನಾ ಕುಮಟಾದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಬಿಳಿ ಅರ್ಧ ತೋಳಿನ ಅಂಗಿ, ಬೇಸಿಗೆಯಲ್ಲೂ ಕಂಕುಳಲ್ಲಿ ಕೊಡೆ. ನೆಟ್ಟಗಿದ್ದ ಬಲಗಿವಿಯನ್ನು ಮಾತಾಡುವವರ ಕಡೆ ತಿರುಗಿಸಬೇಕಾದ್ದರಿಂದ ಅವರು ಎಲ್ಲರನ್ನೂ ಕೋಳಿ ನೋಡುವ ಹಾಗೆ ಓರೆಯಾಗಿ ನೋಡುತ್ತಿದ್ದರು. ಮೊದಮೊದಲು ಜನ ಇವರಿಗೆ ಜಂಬ ಎಂದುಕೊಂಡರು. ಆಮೇಲೆ ಗೊತ್ತಾಯಿತು, ಅವರಷ್ಟು ಗಮನ ಕೊಟ್ಟು ಇನ್ನೊಬ್ಬರ ಮಾತು ಕೇಳುವವರು ಆ ಬಂದರಿನಲ್ಲಿ ಬೇರೆ ಯಾರೂ ಇಲ್ಲ ಎಂದು. ಎರಡು ಕಿವಿ ಇದ್ದ ನಾವು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದೆವು. ಅವರಿಗೆ ಬಿಡಲು ಇನ್ನೊಂದು ಕಿವಿಯೇ ಇರಲಿಲ್ಲ.

ಸೆಟ್ಟಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಅದರ ಪ್ರಕಾರ ನನ್ನ ಮಾತು ಮುಗಿಯಿತು, ಇನ್ನು ನಿನ್ನದು ಎನ್ನಲು ‘ಓವರ್’. ಕೇಳಿಸಿತು, ತಿಳಿಯಿತು ಎನ್ನಲು ‘ರೋಜರ್’. ಸಂಭಾಷಣೆಯೇ ಮುಗಿಯಿತು ಎನ್ನಲು ‘ಔಟ್’. ಮಾಸ್ತರು ಇದನ್ನು ಬೋಟಿನವರಿಗೆ ಕಲಿಸಲು ಹೊರಟರು. ತಾಂಡೇಲ ಎಂದರೆ ಬೋಟು ನಡೆಸುವ ಯಜಮಾನ. ಬೆಳಕೆಯ ಜಟ್ಟಿ ತಾಂಡೇಲ ಎರಡು ದಿನ ಬಾಯಿಮುಚ್ಚಿ ಕೇಳಿದ. ಮೂರನೇ ದಿನ, “ಅಲ್ಲ ಮಾಸ್ತರೆ, ಈ ರೋಜರ್ ಅಂಬವ ಯಾರು? ಇಗರ್ಜಿ ಕಡೆಯ ಕಿರಿಸ್ತಾನನಾ? ಎಲ್ಲರೂ ಅವನನ್ನೇ ಕರೀತ್ರಲಾ, ಅವ ಒಂದು ದಿನನೂ ಬಂದದ್ದು ಕಾಣೆ” ಎಂದ. ಇನ್ನೊಂದು ದಿನ ಕೋಣೆಯೊಳಗೆಲ್ಲ ಕಣ್ಣಾಡಿಸಿ, “ವಾಯರ್‌ಲೆಸ್ ಅಂದ್ರೆ ತಂತಿ ಇಲ್ದೆ ಇದ್ದದ್ದು ಅಂದ್ರಿ. ಇಲ್ಲಿ ಕಂಡ್ರೆ ನಮ್ಮ ಬಲೆಗಿಂತ ಹೆಚ್ಚು ತಂತಿ ಬಿದ್ದಿದೆ” ಎಂದ. ಮಾಸ್ತರು ನಗಲಿಲ್ಲ. ಕಿಸೆಯಿಂದ ನೋಟ್‌ಬುಕ್ ತೆಗೆದು ಬರೆದುಕೊಂಡರು. ಅವರನ್ನು ಯಾರಾದರೂ ಗೇಲಿ ಮಾಡಿದರೆ ಅದರಲ್ಲಿ ಕಲಿಯುವುದೇನಿದೆ ಎಂದು ಮೊದಲು ನೋಡುವ ಚಟ ಅವರಿಗೆ. ನನಗೆ ಈ ವಯಸ್ಸಿನವರೆಗೂ ಆ ಚಟ ಹತ್ತಲಿಲ್ಲ.

ಅಲೆಯ ವಿಷಯದಲ್ಲಂತೂ ತಾಂಡೇಲನೇ ಅವರಿಗೆ ಗುರುವಾದ. ಮಾತು ಗಾಳಿಯಲ್ಲಿ ಅಲೆಯಾಗಿ ಹೋಗುತ್ತದೆ, ಅಲೆಯಲ್ಲಿ ಗಿಡ್ಡ ಉಂಟು, ಉದ್ದ ಉಂಟು ಎಂದು ಇವರು ಶುರು ಮಾಡಿದರೆ ಅವನು, “ಅದು ನಮಗೆ ಹೇಳೂದೇ ಬ್ಯಾಡ. ಉದ್ದ ಅಲೆ ಬೋಟನ್ನ ಎತ್ತಿ ಇಳಿಸ್ತದೆ. ಗಿಡ್ಡ ಅಲೆ ಮೈಯೆಲ್ಲ ಕುಟ್ತದೆ” ಎಂದ. ಫ್ರೀಕ್ವೆನ್ಸಿ ಎಂದರೇನು ಎಂದು ಹೇಳಲು ಅಂದಿನಿಂದ ಮಾಸ್ತರಿಗೆ ಪುಸ್ತಕ ಬೇಕಾಗಲಿಲ್ಲ: “ನೀನು ಹತ್ತು ಎಣಿಸುವಷ್ಟರಲ್ಲಿ ಬೋಟಿನ ಮೂತಿಗೆ ಎಷ್ಟು ಅಲೆ ಬಡೀತು, ಅದು.” ನಾಲ್ಕೂ ಬೋಟಿನವರಿಗೆ ತಿಳಿಯಿತು. ನನಗೂ ತಿಳಿಯಿತು, ಶಾಲೆಯಲ್ಲಿ ವಿಜ್ಞಾನಕ್ಕೆ ಮೂವತ್ತೈದು ತೆಗೆದವಳಿಗೆ.

ಒಮ್ಮೆ ಸೆಟ್ಟಿನ ಒಂದು ಬಿಡಿಭಾಗಕ್ಕಾಗಿ ಭಟ್ಕಳಕ್ಕೆ ಹೋಗಬೇಕಾಯಿತು. ರಸೀದಿ ಬರೆಸಿಕೊಳ್ಳಲು ಎಂದು ನನ್ನನ್ನೂ ಕರೆದುಕೊಂಡು ಹೋದರು. ಕೊಲ್ಲಿ ದೇಶಗಳಿಂದ ಬಂದ ಟೇಪ್‌ರೆಕಾರ್ಡರು, ಟ್ರಾನ್ಸಿಸ್ಟರುಗಳು ಪೇಟೆಯ ತುಂಬ ತೂಗುತ್ತಿದ್ದ ಕಾಲ ಅದು. ಅಂಗಡಿಯ ಸಾಹೇಬರು ಬಿಡಿಭಾಗವನ್ನು ಐದು ನಿಮಿಷದಲ್ಲಿ ಹುಡುಕಿಕೊಟ್ಟರು. ಮಾಸ್ತರು ಅಲ್ಲಿ ಒಂದೂವರೆ ತಾಸು ಕೂತರು. ಉರ್ದುವಿನಲ್ಲಿ ಅಲೆಗೆ ಏನೆನ್ನುತ್ತೀರಿ ಎಂದು ಕೇಳಿದ್ದೇ ಕಾರಣ. “ಮೌಜ್” ಎಂದರು ಸಾಹೇಬರು. ಮಾಸ್ತರು ನೋಟ್‌ಬುಕ್ ತೆಗೆದು, “ಹಾಗಾದ್ರೆ ನಮ್ಮ ಮೋಜು?” ಎಂದು ಕೇಳಿದರು. “ಅದೇ ಇದು. ಖುಷೀನೂ ಮೌಜ್, ಅಲೆಯೂ ಮೌಜ್” ಎಂದು ಸಾಹೇಬರು ಚಹಾ ತರಿಸಿದರು. ನಾವು ಮೋಜು ಮಾಡುವಾಗಲೆಲ್ಲ ಅಲೆಯ ಮೇಲೆ ಕೂತಿರುತ್ತೇವೆ ಎಂದು ಆ ದಿನದವರೆಗೆ ನನಗೆ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಮಾಸ್ತರು ನೋಟ್‌ಬುಕ್ಕಿನಲ್ಲಿ ಕನ್ನಡದ ಅಲೆ, ಕೊಂಕಣಿಯ ಲ್ಹಾರ, ಉರ್ದುವಿನ ಮೌಜ್, ಇಂಗ್ಲಿಷಿನ ವೇವ್ ನಾಲ್ಕನ್ನೂ ಒಂದೇ ಗೆರೆಯಲ್ಲಿ ಬರೆದರು. ಮುರ್ಡೇಶ್ವರ ದಾಟುವವರೆಗೂ ಅದನ್ನೇ ನೋಡುತ್ತಿದ್ದರು.

ಇಷ್ಟೆಲ್ಲ ಆದರೂ ಓವರ್, ರೋಜರ್, ಔಟ್ ಮಾತ್ರ ಇಂಗ್ಲಿಷಿನಲ್ಲೇ ಇದ್ದವು. ಅವುಗಳನ್ನು ಬದಲಾಯಿಸಿದವಳು ನನ್ನ ಅಮ್ಮ. ತಮ್ಮ ದಾಮು ಆಗ ಜಟ್ಟಿ ತಾಂಡೇಲನ ‘ಜಲಲಕ್ಷ್ಮಿ’ ಬೋಟಿಗೆ ಸೇರಿದ್ದ. ಹತ್ತನೇ ತರಗತಿ ಓದಿದವನೆಂದು ಸೆಟ್ಟಿನಲ್ಲಿ ಮಾತಾಡುವ ಕೆಲಸ ಅವನಿಗೆ. ಒಂದು ಮಧ್ಯಾಹ್ನ ಅಮ್ಮ ಖಾಲಿ ಬುಟ್ಟಿ ಬಾಗಿಲ ಹೊರಗಿಟ್ಟು ಮಗನ ಧ್ವನಿ ಕೇಳಲೆಂದು ಒಳಗೆ ಬಂದಳು. ಹುರಿಯುವ ಬಾಣಲೆಯಂಥ ಸದ್ದಿನ ನಡುವೆ ದಾಮುವಿನ ದನಿ ಬಂತು: “ಜಲಲಕ್ಷ್ಮಿ... ಇಂಜಿನ್ನು... ಓವರ್.” ಅಮ್ಮ ನೆಲಕ್ಕೆ ಕುಸಿದಳು. ಆಸ್ಪತ್ರೆಯಲ್ಲಿ ಅಪ್ಪನ ಹಾಸಿಗೆಯ ಹತ್ತಿರ ಯಾರೋ ‘ಕೇಸ್ ಓವರ್’ ಎಂದದ್ದು ಅವಳು ಕೇಳಿದ್ದ ಏಕೈಕ ಓವರ್. ಇಂಜಿನ್ನು ಚೆನ್ನಾಗಿದೆ, ಮೀನೂ ಬಿದ್ದಿದೆ ಎಂದು ನಾವು ಎಷ್ಟು ಹೇಳಿದರೂ ಅಳು ನಿಲ್ಲಲಿಲ್ಲ. ಮಾಸ್ತರು ತಾವೇ ನೀರು ತಂದುಕೊಟ್ಟು, ಅವಳ ಎದುರು ನೆಲದ ಮೇಲೆ ಕೂತು, ಬಲಗಿವಿಯನ್ನು ಅವಳ ಕಡೆ ತಿರುಗಿಸಿ ಕೇಳಿದರು: “ನಿಮ್ಮ ಮಗ ಮಾತು ನಿಲ್ಲಿಸಿ, ನೀವು ಹೇಳಿ ಅಂತ ಹೇಳ್ಬೇಕಾದ್ರೆ ಮನೆಯಲ್ಲಿ ಎಂತ ಹೇಳ್ತಾನೆ?”

ಅಮ್ಮ ಮೂಗೊರೆಸಿಕೊಂಡು, “ಎಂತ ಹೇಳೂದು? ಹೇಳು ಅಂತ ಹೇಳ್ತಾನೆ” ಎಂದಳು.

“ನೀವು ಹೇಳಿದ್ದು ತಿಳೀತು ಅನ್ನೂಕೆ?”

“ಆತು ಅಂತಾನೆ.”

“ಮನೆಯಿಂದ ಹೊರಡುವಾಗ?”

“ಬರ್ತೆ ಅಂತಾನೆ. ಹೋಗ್ತೆ ಅಂತ ಯಾರಾದ್ರೂ ಹೇಳ್ತಾರಾ, ಅದೂ ಸಮುದ್ರಕ್ಕೆ ಹೋಗುವವ?”

ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಪುಸ್ತಕ ಬೆಂಚಿನ ಅಲುಗಾಡುವ ಕಾಲಿನ ಕೆಳಗೆ ಹೋಯಿತು. ಓವರ್ ಬದಲು ಹೇಳು, ರೋಜರ್ ಬದಲು ಆತು, ಔಟ್ ಬದಲು ಬರ್ತೆ. ಮಾಸ್ತರು ಹೇಳಿದಂತೆ ದುಂಡಗಿನ ಅಕ್ಷರದಲ್ಲಿ ನಾಲ್ಕು ರಟ್ಟಿನ ಮೇಲೆ ಬರೆದೆ. ಕೆಳಗೆ ಇನ್ನೊಂದು ಸಾಲು: ‘ಬರ್ತೆ ಎಂದ ಮೇಲೆ ಬ್ಯಾಟರಿ ಉಳಿಸಲು ಸೆಟ್ಟು ಬಂದ್ ಮಾಡುವುದು.’ ನಾಲ್ಕು ಬೋಟಿನಲ್ಲೂ ರಟ್ಟು ತೂಗಿತು. ವಾರದೊಳಗೆ ಎಲ್ಲರೂ ಮನೆಯಂಗಳದಲ್ಲಿ ಮಾತಾಡುವಷ್ಟು ಸಲೀಸಾಗಿ ವಾಯರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದರು. ಸಂಘದ ಸೆಕ್ರೆಟರಿ ಸಾಹೇಬರು ಇದು ನಮ್ಮದೇ ಉಪಾಯ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಮಾಸ್ತರು ಮಾತ್ರ ಯಾರು ಕೇಳಿದರೂ, ಮೀನು ಮಾರುವ ಆ ಅಮ್ಮನವರದ್ದು ಎಂದು ಅಮ್ಮನ ಕಡೆ ಕೈ ತೋರಿಸುತ್ತಿದ್ದರು.

ಈಗ ಆ ದಿನಕ್ಕೆ ಬರುತ್ತೇನೆ. ಮೇ ತಿಂಗಳ ಕೊನೆ. ಮಳೆಗಾಲಕ್ಕೆ ಬೋಟು ದಡಕ್ಕೆ ಹಾಕುವ ಮುಂಚಿನ ಕೊನೆಯ ವಾರ. ಹೊನ್ನಾವರದ ಬೋಟುಗಳೆಲ್ಲ ಶರಾವತಿಯ ಅಳಿವೆ ದಾಟಿಯೇ ಒಳಗೆ ಬರಬೇಕು. ಅಳಿವೆ ಎಂದರೆ ನದಿ ಸಮುದ್ರಕ್ಕೆ ಸೇರುವ ಬಾಯಿ. ಅಲ್ಲಿ ಮರಳು ಒಂದು ಕಡೆ ನಿಲ್ಲುವುದಿಲ್ಲ. ಹಿಂದಿನ ದಿನದ ಗಾಳಿಗೆ ಮರಳು ದಾರಿಯ ಮಧ್ಯಕ್ಕೆ ಬಂದು ಕೂತಿತ್ತು. ಮಧ್ಯಾಹ್ನದ ಇಳಿತದಲ್ಲಿ ಬಾಯಿಯ ಉದ್ದಕ್ಕೂ ಅಲೆ ಒಡೆಯುತ್ತಿತ್ತು. ಈಗ ಒಳಗೆ ನುಗ್ಗುವ ಬೋಟು ಮರಳಿಗೆ ತಾಗಿ ಮಗುಚುವುದು ನಿಶ್ಚಿತ ಎಂದು ಸಣ್ಣ ದೋಣಿಯವರು ಬಂದು ಹೇಳಿ ಹೋದರು. ಮೂರು ಬೋಟು ಬೆಳಿಗ್ಗೆಯೇ ಒಳಗೆ ಬಂದಿದ್ದವು. ಹೊರಗಿದ್ದದ್ದು ಜಲಲಕ್ಷ್ಮಿ ಒಂದೇ.

ಮಾಸ್ತರು ಮೈಕು ಹಿಡಿದರು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಪೆನ್ನು ಹಿಡಿದಿದ್ದೆ. “ಜಲಲಕ್ಷ್ಮಿ, ಜಲಲಕ್ಷ್ಮಿ. ಅಳಿವೆಗೆ ಈಗ ಬರಬೇಡ. ಸಂಜೆ ಉಬ್ಬರದವರೆಗೆ ಹೊರಗೆ ಲಂಗರು ಹಾಕಿ ನಿಲ್ಲು. ಹೇಳು.”

ಸೆಟ್ಟಿನಲ್ಲಿ ಬಾಣಲೆ ಹುರಿಯಿತು. ಅದರೊಳಗಿಂದ ದಾಮುವಿನ ದನಿ: “ಆತು. ಬರ್ತೆ.” ಆಮೇಲೆ ಟಕ್ ಎಂಬ ಸದ್ದು. ಸೆಟ್ಟು ಬಂದ್.

ಅಮ್ಮ ಎರಡೂ ಕೈ ಜೋಡಿಸಿದಳು. “ಬರ್ತಾನಂತೆ. ಬಿಸಿ ಗಂಜಿ ಮಾಡಿಡ್ತೆ” ಎಂದು ಹೊರಡಲು ತಿರುಗಿದಳು. ನಾನು ಪುಸ್ತಕದಲ್ಲಿ ‘ಸಂದೇಶ ತಲುಪಿತು, ನಿಲ್ಲುತ್ತಾರೆ’ ಎಂದು ಬರೆದೆ. ಬರೆದು ತಲೆಯೆತ್ತಿದರೆ ಮಾಸ್ತರ ಮುಖದಲ್ಲಿ ರಕ್ತವಿರಲಿಲ್ಲ. ಒಂದೇ ಮಾತನ್ನು ತಾಯಿ ಒಂದು ರೀತಿ ಕೇಳಿದ್ದಾಳೆ, ಮಗಳು ಇನ್ನೊಂದು ರೀತಿ ಬರೆದಿದ್ದಾಳೆ. ‘ತಿಳಿಯಿತು, ಮಾತು ಮುಗಿಸುತ್ತೇನೆ’ ಎಂದನೋ? ‘ಸರಿ, ಬರುತ್ತಿದ್ದೇನೆ’ ಎಂದನೋ? “ತಂಗಿ,” ಎಂದರು ಮೆಲ್ಲಗೆ, “ಬರಬೇಡ ಅಂದೆ. ನಮ್ಮ ಮಾತಿನಲ್ಲಿ ಬೇಡ ಬರೂದು ಕೊನೆಗೆ. ಆ ಗದ್ದಲದಲ್ಲಿ ಬೇಡ ತಿಂದು ಹೋಗಿ, ಬರ ಅನ್ನೂದು ಮಾತ್ರ ಅವನಿಗೆ ಕೇಳಿದ್ರೆ?”

ಮತ್ತೆ ಕರೆದರು. ಹತ್ತು ಸಲ, ಇಪ್ಪತ್ತು ಸಲ. ಸೆಟ್ಟು ಬಂದ್ ಮಾಡಬೇಕು ಎಂದು ರಟ್ಟಿನ ಮೇಲೆ ಬರೆಸಿದವರು ಅವರೇ, ಬರೆದವಳು ನಾನೇ. ಅಮ್ಮನಿಗೆ ವಿಷಯ ತಿಳಿದದ್ದು ನಮ್ಮ ಮುಖ ನೋಡಿ. ಈ ಸಲ ಅವಳು ಅಳಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂವರೂ ಅಳಿವೆಯ ದಂಡೆಗೆ ಓಡಿದೆವು. ಮಾಸ್ತರ ಒಂದು ಚಪ್ಪಲಿ ಮರಳಲ್ಲಿ ಉಳಿಯಿತು. ಒಡೆಯುವ ಅಲೆಗಳ ಆಚೆ ಒಂದು ಚುಕ್ಕೆ ಕಂಡಿತು. ಚುಕ್ಕೆ ಬೋಟಾಯಿತು, ಬೋಟಿಗೆ ನೀಲಿ ಬಣ್ಣ ಬಂತು. ಮೂತಿ ನೇರ ನಮ್ಮ ಕಡೆಗೇ ಇತ್ತು. ಮಾಸ್ತರು ಕೊಡೆ ಬಿಚ್ಚಿ ಎರಡೂ ಕೈಯಿಂದ ಅಡ್ಡ ಬೀಸತೊಡಗಿದರು. ಗಾಳಿಗೆ ಕೊಡೆ ಮಗುಚಿ ಹೂವಿನ ಹಾಗಾಯಿತು. ಆದರೂ ಬೀಸುತ್ತಲೇ “ಬೇಡ, ಬೇಡ, ಬೇಡ” ಎನ್ನುತ್ತಿದ್ದರು. ಕೂಗಿದರೆ ಕೇಳುವ ದೂರವಲ್ಲ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇರಲಿಲ್ಲ. ಅಮ್ಮ ನನ್ನ ಮಣಿಕಟ್ಟು ಹಿಡಿದಿದ್ದಳು. ಅವಳ ಉಗುರಿನ ಗುರುತು ನನಗೆ ನಾಲ್ಕು ದಿನ ಇತ್ತು.

ಬೋಟು ಬಂತು. ಇನ್ನೂ ಹತ್ತಿರ ಬಂತು. ಒಡೆಯುವ ಅಲೆಗೆ ಇನ್ನೇನು ನಾಲ್ಕು ಬೋಟಿನಷ್ಟು ದೂರವಿದೆ ಎನ್ನುವಾಗ ಮೂತಿ ನಿಧಾನಕ್ಕೆ ಬಡಗಣ ದಿಕ್ಕಿಗೆ ತಿರುಗಿತು. ಮುಂದುಗಡೆ ಯಾರೋ ಬಗ್ಗಿದರು. ಲಂಗರು ಬಿತ್ತು.

ಮಾಸ್ತರು ಮಗುಚಿದ ಕೊಡೆಯ ಪಕ್ಕ ಮರಳಿನಲ್ಲಿ ಕೂತುಬಿಟ್ಟರು. ಸಂಜೆ ಉಬ್ಬರ ಏರಿ ಜಲಲಕ್ಷ್ಮಿ ಒಳಗೆ ಬರುವವರೆಗೂ ಅಲ್ಲಿಂದ ಏಳಲಿಲ್ಲ. ದಾಮು ಇಳಿದು ಬಂದವನು ನಮ್ಮನ್ನು ನೋಡಿ ಬೆಪ್ಪಾದ. “ಎಂತ ಆತು? ಯಾಕೆ ಎಲ್ಲರೂ ಇಲ್ಲಿ?” ಎಂದ. ಮಾಸ್ತರು ಕೇಳಿದರು, “ನಾನು ಹೇಳಿದ್ದು ನಿಂಗೆ ಪೂರ್ತಿ ಕೇಳಿತ್ತಾ?”

“ಪೂರ್ತಿ ಎಲ್ಲಿ? ಅಳಿವೆಗೆ ಅಂದದ್ದು ಕೇಳ್ತು, ಲಂಗರು ಅಂದದ್ದು ಕೇಳ್ತು. ಉಳಿದದ್ದು ಬರೀ ಚರಪರ. ಅಳಿವೆ ಒಳಗೆ ಬಂದು ಲಂಗರು ಹಾಕು ಅಂದ್ರಿ ಅಂತ ಮಾಡ್ಕಂಡೆ. ಆತು, ಬರ್ತೆ ಅಂದೆ.”

“ಮತ್ತೆ ನಿಂತದ್ದು ಯಾಕೆ?”

ದಾಮು ಹಿಂದೆ ನಿಂತಿದ್ದ ತಾಂಡೇಲನನ್ನು ತೋರಿಸಿದ. ಜಟ್ಟಿ ತಾಂಡೇಲ ಬೀಡಿ ಹಚ್ಚುತ್ತ, “ಹತ್ತಿರ ಬಂದು ಕಂಡೆ. ಗಿಡ್ಡ ಅಲೆ ಆಗಿತ್ತು ಮಾಸ್ತರೆ. ಹತ್ತು ಎಣಿಸುವಷ್ಟರಲ್ಲಿ ಲೆಕ್ಕ ತಪ್ಪಿತು” ಎಂದ.

ಅಂದರೆ ನನ್ನ ತಮ್ಮನನ್ನು ಉಳಿಸಿದ್ದು ನಮ್ಮ ಸೆಟ್ಟಲ್ಲ, ನಮ್ಮ ರಟ್ಟಲ್ಲ. ಇನ್ನೊಬ್ಬರಾಗಿದ್ದರೆ ಬೋಟು ಬಂತಲ್ಲ, ದೇವರು ದೊಡ್ಡವನು ಎಂದು ಚಹಾ ಕುಡಿದು ಮನೆಗೆ ಹೋಗುತ್ತಿದ್ದರು. ಸೆಕ್ರೆಟರಿಯವರು ಹೇಳಿದ್ದೂ ಅದನ್ನೇ: “ಎಂತದೂ ಆಗಲಿಲ್ಲವಲ್ಲ, ಪುಸ್ತಕದಲ್ಲಿ ಬರೆಯೂದು ಯಾಕೆ? ಮೇಲಿನವರು ಓದಿದ್ರೆ ಸೆಟ್ಟೇ ವಾಪಸು ತಕ್ಕಂಡು ಹೋಗ್ತಾರೆ.” ಮಾಸ್ತರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ನನ್ನ ದುಂಡಗಿನ ‘ಸಂದೇಶ ತಲುಪಿತು’ ಎಂಬುದರ ಮೇಲೆ ಗೆರೆ ಎಳೆದು, ತಮ್ಮ ಓರೆ ಅಕ್ಷರದಲ್ಲಿ ಬರೆದರು: ‘ಸಂದೇಶ ತಲುಪಲಿಲ್ಲ. ತಲುಪಿದೆ ಎಂದು ತಿಳಿದದ್ದು ತಪ್ಪು. ತಪ್ಪು ಹೇಳಿದವನದು, ಕೇಳಿದವನದಲ್ಲ.’ ಕೆಳಗೆ ಸಹಿ ಹಾಕಿದರು. ನಾನು ಜೀವನದಲ್ಲಿ ಬಹಳ ಸಹಿ ನೋಡಿದ್ದೇನೆ. ಯಾರೂ ಕೇಳದೆ ತಪ್ಪಿನ ಕೆಳಗೆ ಹಾಕಿದ ಸಹಿ ನೋಡಿದ್ದು ಅದೊಂದೇ. ನನಗೆ ಅವರ ಮೇಲಿದ್ದ ಗೌರವ ಭಕ್ತಿಯಾದದ್ದು ಆ ನಿಮಿಷದಲ್ಲಿ.

ಮರುದಿನ ಅವರು ಬರ್ತೆ ಎಂಬುದನ್ನು ತೆಗೆದುಹಾಕಲು ಹೊರಟರು. ತಾಂಡೇಲರು ಒಪ್ಪಲಿಲ್ಲ. ಔಟ್ ಎನ್ನುವುದಾಗಲಿ, ಮುಗೀತು ಎನ್ನುವುದಾಗಲಿ ನೀರಿನ ಮೇಲೆ ಆಡುವ ಮಾತಲ್ಲ ಎಂದರು. “ಬರ್ತೆ ಅಂತ ಹೇಳದೆ ಮಾತು ಮುಗಿಸೂಕೆ ನಮ್ಮ ಬಾಯಿ ಏಳೂದಿಲ್ಲ” ಎಂದ ಜಟ್ಟಿ. ಮಾಸ್ತರು ಒಂದು ದಿನ ಯೋಚಿಸಿ, ಶಬ್ದವನ್ನು ಬಿಟ್ಟು ಕ್ರಮವನ್ನು ತಿದ್ದಿದರು. ಹೊಸ ರಟ್ಟು ಬರೆಸಿದರು. ಬೇಡ ಎನ್ನುವುದಿದ್ದರೆ ಮೊದಲು ಬೇಡ, ಆಮೇಲೆ ಉಳಿದದ್ದು. ಬರಿ ಆತು ಎಂದರೆ ದಡದವರು ‘ಎಂತ ಆತು?’ ಎಂದು ಕೇಳಬೇಕು, ಬೋಟಿನವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಬರ್ತೆ ಎಂದರೆ ‘ಯಾವ ಬರ್ತೆ?’ ಎಂದು ಕೇಳಬೇಕು. ಮಾತು ಮುಗಿಸುವ ಬರ್ತೆಯೋ, ಮನೆಗೆ ಬರುವ ಬರ್ತೆಯೋ? ಮನೆಗೆ ಬರುವುದಾದರೆ ಎಷ್ಟು ಹೊತ್ತಿಗೆ? ಅದಕ್ಕೆ ಉತ್ತರ ಬರುವವರೆಗೆ ಸೆಟ್ಟು ಬಂದ್ ಮಾಡುವ ಹಾಗಿಲ್ಲ.

ಬಂದರಿನಲ್ಲಿ ಇದು ಸ್ವಲ್ಪ ದಿನ ದೊಡ್ಡ ತಮಾಷೆಯಾಯಿತು. ಸಾಲ ಕೇಳಿದವನಿಗೆ ನಾಳೆ ಬಾ ಎಂದರೆ ‘ಯಾವ ನಾಳೆ?’ ಎನ್ನುತ್ತಿದ್ದರು. ಗಂಡ ಈಗ ಬರ್ತೆ ಎಂದು ಹೊರಟರೆ ಹೆಂಡತಿಯರು ಬಾಗಿಲಿಗೆ ಅಡ್ಡ ನಿಂತು ‘ಯಾವ ಬರ್ತೆ?’ ಎನ್ನುತ್ತಿದ್ದರು. ಈ ಒಂದು ಪ್ರಶ್ನೆಯಿಂದ ಹೊನ್ನಾವರದ ಎಷ್ಟು ಗಂಡಸರು ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದರೋ ಲೆಕ್ಕವಿಟ್ಟವರಿಲ್ಲ.

ಮೂರು ವರ್ಷದ ಮೇಲೆ ನಾನು ಮದುವೆಯಾಗಿ ಭಟ್ಕಳಕ್ಕೆ ಬಂದೆ. ಮಾಸ್ತರೂ ಕೆಲಸ ಬಿಟ್ಟು ಕುಮಟಾದಲ್ಲೇ ಇದ್ದರು. ದಶಕ ಮುಗಿಯುವ ಹೊತ್ತಿಗೆ ಕುಮಟಾದಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯ ಮೇಲೆ ಕಂಪ್ಯೂಟರ್ ತರಗತಿ ಶುರುವಾಯಿತು. ನಾನು ಅವರನ್ನು ನೋಡಲು ಹೋದ ದಿನ, “ಬಾ ತಂಗಿ, ಒಂದು ಮಜಾ ತೋರಿಸ್ತೆ” ಎಂದು ಅಲ್ಲಿಗೇ ಕರೆದುಕೊಂಡು ಹೋದರು. ಚಪ್ಪಲಿ ಹೊರಗೆ ಬಿಟ್ಟು ದೇವಸ್ಥಾನದ ಹಾಗೆ ಒಳಗೆ ಹೋಗಬೇಕು. ಒಳಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಮಾಸ್ತರು ಅಷ್ಟರಲ್ಲೇ ಅಲ್ಲಿನ ಶಿಕ್ಷಕರ ಜೊತೆ ಸಲಿಗೆ ಬೆಳೆಸಿಕೊಂಡು, ನೋಟ್‌ಬುಕ್ಕಿನಲ್ಲಿ ಮೆಮರಿಗೆ ನೆನಪು, ಫೈಲಿಗೆ ಕಡತ ಎಂದೆಲ್ಲ ಬರೆದುಕೊಂಡಿದ್ದರು. ಎರಡು ಯಂತ್ರ ಮಾತು ಶುರು ಮಾಡುವ ಮೊದಲು ಕೈ ಕುಲುಕುತ್ತವಂತೆ, ಅದಕ್ಕೆ ಹ್ಯಾಂಡ್‌ಶೇಕ್ ಎಂದೇ ಹೆಸರಂತೆ. “ನೋಡು, ಇವಕ್ಕೂ ಮರ್ಯಾದೆ ಉಂಟು” ಎಂದರು. ಆಮೇಲೆ ಶಿಕ್ಷಕರಿಗೆ, “ಅದೊಂದು ತೋರ್ಸಿ” ಎಂದರು. ಶಿಕ್ಷಕರು ಕಡತಗಳನ್ನೆಲ್ಲ ಅಳಿಸುವ ಆಜ್ಞೆ ಒತ್ತಿದರು. ಯಂತ್ರ ಅಳಿಸಲಿಲ್ಲ. ಎಲ್ಲವೂ ಅಳಿದುಹೋಗುತ್ತದೆ, ನಿಶ್ಚಯವೇ, ಹೌದೋ ಅಲ್ಲವೋ ಎಂದು ಪರದೆಯ ಮೇಲೆ ಕೇಳಿ ಸುಮ್ಮನೆ ಕಾದು ಕೂತಿತು.

ಮಾಸ್ತರು ನನ್ನ ಕಡೆ ಓರೆಯಾಗಿ ನೋಡಿದರು. ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಆಮೇಲೆ ಬೇರೆ ಯಾರ ಮುಖದಲ್ಲೂ ಕಾಣಲಿಲ್ಲ. “ಕಂಡ್ಯಾ? ‘ಯಾವ ಬರ್ತೆ’ ಅಂತ ಕೇಳ್ತದೆ.” ಎಲ್ಲೋ ದೂರದ ದೇಶದಲ್ಲಿ ಕೂತವರು ಯಾರೋ ಇವರ ಹಾಗೆಯೇ ಮರಳ ದಂಡೆಯಲ್ಲಿ ಒಂದು ಮಧ್ಯಾಹ್ನ ಕಳೆದಿರಬೇಕು ಎಂದು ಅವರು ನಂಬಿದ್ದರು. ನಾನೂ ನಂಬಿದೆ.

ಆಗಲೇ ಅವರ ಬಲಗಿವಿಯೂ ಮಂದವಾಗುತ್ತಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಬಸ್ ಸ್ಟ್ಯಾಂಡಿನವರೆಗೆ ಬಂದು ನಿಂತರು. ನಾನು ಕಿಟಕಿಯಿಂದ “ಬರ್ತೆ ಮಾಸ್ತರೆ” ಎಂದೆ. ಅವರು ಕೊಡೆ ಎತ್ತಿದರು. ಯಾವ ಬರ್ತೆ ಎಂದು ಅವತ್ತೊಂದು ದಿನ ಅವರು ಕೇಳಲಿಲ್ಲ. ನನ್ನ ತುಟಿ ಕಾಣಿಸಲಿಲ್ಲವೋ, ಮಗು ಮರಿ ಇರುವವಳನ್ನು ಯಾಕೆ ಕಟ್ಟಿಹಾಕುವುದು ಎಂದುಕೊಂಡರೋ. ಕೇಳಿದ್ದರೆ ನಾನು ಒಂದು ದಿನ ಹೇಳಬೇಕಾಗುತ್ತಿತ್ತು, ಹೇಳಿದ ದಿನ ಹೋಗುತ್ತಿದ್ದೆ. ಮಗನಿಗೆ ಜ್ವರ, ಅತ್ತೆಗೆ ಹುಷಾರಿಲ್ಲ, ಮಳೆ ಎಂದು ನಾನು ಎರಡು ವರ್ಷ ಹೋಗಲಿಲ್ಲ. ಭಟ್ಕಳದಿಂದ ಕುಮಟಾ ಎಷ್ಟು ದೂರ, ನೀವೇ ಹೇಳಿ. ಹೋಗುವಷ್ಟರಲ್ಲಿ ಅವರ ಮನೆಯ ಗೋಡೆಯ ಮೇಲೆ ಅವರ ಫೋಟೋಕ್ಕೆ ಹಾರ ಬಿದ್ದಿತ್ತು. ಕೊಡೆ ಬಾಗಿಲ ಹಿಂದೆ ಹಾಗೇ ತೂಗುತ್ತಿತ್ತು.

ಸೊಸೆ ಸೀದ ದೋಸೆಯನ್ನು ಕೆರೆದು ತೆಗೆದು, “ಉತ್ರ ಕೊಡೂದಿಲ್ವಾ ಅತ್ತೆ? ನೀಲಿ ಗೆರೆ ಬಿದ್ದಾಗಿದೆ, ನೀವು ಓದಿದ್ದು ಅವರಿಗೆ ಗೊತ್ತಾಗಿರ್ತದೆ” ಎಂದಳು. ಈಗಿನ ಯಂತ್ರಗಳು ಸಂದೇಶ ತಲುಪಿತು ಎಂದು ಗೆರೆ ಎಳೆದು ಹೇಳುತ್ತವೆ. ಹಿಂದೆ ನಾನೂ ದುಂಡಗಿನ ಅಕ್ಷರದಲ್ಲಿ ಅದನ್ನೇ ಬರೆದಿದ್ದೆ. ನಾಲ್ಕು ತಿಂಗಳಿಂದ ದಾಮುವಿಗೆ ನಾನು ಬರೆಯುತ್ತಿದ್ದ ಬರ್ತೆ ಮಾತು ಮುಗಿಸುವ ಬರ್ತೆ. ಅವನು ನಡೆಯಲಾರದ ಕಾಲು ನೀಡಿಕೊಂಡು ಕೂತು ಕೇಳಿಸಿಕೊಂಡದ್ದು ಮನೆಗೆ ಬರುವ ಬರ್ತೆ. ತಪ್ಪು ಹೇಳಿದವಳದು, ಕೇಳಿದವನದಲ್ಲ.

ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದೆ: ‘ಮನೆಗೆ ಬರುವ ಬರ್ತೆ. ಈ ಶನಿವಾರ, ಬೆಳಿಗ್ಗೆ ಮೊದಲ ಬಸ್ಸಿಗೆ. ನಾಲ್ಕು ದಿನ ಉಳಿತೆ. ಹೇಳು.’

ಉತ್ತರಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ‘ಶನಿವಾರ. ಮೊದಲ ಬಸ್ಸು. ನಾಲ್ಕು ದಿನ. ಆತು.’

ಕೊನೆಗೆ ಬರ್ತೆ ಎಂದು ಅವನು ಬರೆಯಲಿಲ್ಲ. ಈ ಸಲ ದಡದಲ್ಲಿರುವವನು ಅವನು. ನಾನು ಒಲೆ ಆರಿಸಿ, ಕಪಾಟಿನ ಮೇಲಿಂದ ಚೀಲ ಇಳಿಸಿಕೊಡು ಎಂದು ಸೊಸೆಗೆ ಹೇಳಿದೆ.